ಮುದುಕಿಯ ಕೈಗಳು

ಮೀರಾ ಮೆಸಾ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಂಕಲ್‌ಗೆ ಹೈವೇ ಅಂದರೆ ಭಯ. ರಿಟೈರಾದ ಮೇಲೆ ಅವರು ಎರಡು ಗಂಟೆ ದಾರಿಯ ಲಾಸ್ ಏಂಜಲೀಸ್‌ನ ಒಂದು ಮ್ಯೂಸಿಯಂನಲ್ಲಿ ಸಂಬಳವಿಲ್ಲದ ಗೈಡ್ ಆಗಿದ್ದರು; ಶನಿವಾರಗಳಲ್ಲಿ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವನು ನಾನು.

ಅಲ್ಲಿ ಅವರ ಕಾಲು ತಾನಾಗಿ ನಿಲ್ಲುತ್ತಿದ್ದದ್ದು ಒಂದೇ ಚಿತ್ರದ ಮುಂದೆ. ಹತ್ತೊಂಬತ್ತನೇ ಶತಮಾನದಲ್ಲಿ ಆ ದೇಶದ ಪಶ್ಚಿಮದ ಗಡಿನಾಡು ಸುತ್ತಿ ಮೂಲನಿವಾಸಿಗಳ ಚಿತ್ರ ಬರೆದ ಕಲಾವಿದನೊಬ್ಬನ ಕೆಲಸ ಅದು: ಶಾಲು ಹೊದ್ದು ಕುಳಿತ ಮುದುಕಿ. ಅಂಕಲ್ ಕನ್ನಡಕ ಹಣೆಗೇರಿಸಿ, "ಮುಖ ಇರ್ಲಿ, ಕೈ ನೋಡಪ್ಪ" ಅನ್ನುತ್ತಿದ್ದರು. ಸುಕ್ಕುಗಟ್ಟಿದ ಮುಖದ ಕೆಳಗೆ, ಮಡಿಲಲ್ಲಿ, ಹುಡುಗಿಯಂಥ ನುಣುಪು ಕೈಗಳು.

"ಮುಖಾನ ಎದುರಿಗೆ ಕೂರಿಸ್ಕೊಂಡು ಬರೆದ. ಅವನು ಯಾವಾಗ್ಲೂ ಹಂಗೇನೇ, ಕೈಗಳನ್ನ ತನ್ನ ಊರಿಗೆ ವಾಪಸ್ ಹೋದ್ಮೇಲೆ ಬರೀತಿದ್ದ. ಇದನ್ನ ಮುಗಿಸೋ ಹೊತ್ತಿಗೆ ಸಿಡುಬು ಬಂದು ಆಯಮ್ಮನ ಹಳ್ಳೀಲಿ ಯಾರೂ ಉಳಿದಿರ್ಲಿಲ್ಲ. ಇವು ಯಾರ ಕೈಯೋ!" ಅವರ ದನಿಯಲ್ಲಿ ಪ್ರತಿಸಲವೂ ಹೊಸ ಸಿಟ್ಟು. ನನ್ನ ಮಗಳ ಫೋಟೋ ತೋರಿಸಿದರೂ ಮೊದಲು ಕೈ ಹುಡುಕುತ್ತಿದ್ದರು. ನನಗೋ ಒಮ್ಮೊಮ್ಮೆ ರೇಗಿಹೋಗುತ್ತಿತ್ತು.

ಕೋವಿಡ್‌ನ ಮೊದಲ ಚಳಿಗಾಲದಲ್ಲಿ ಅವರ ಹೆಂಡತಿ, ನಮ್ಮ ಆಂಟಿ, ಆಸ್ಪತ್ರೆ ಸೇರಿದರು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ಕೊನೆಯ ದಿನ ನರ್ಸ್ ವಿಡಿಯೋ ಕಾಲ್ ಮಾಡಿ ಆಂಟಿಯ ಮುಖದ ಮುಂದೆ ಫೋನ್ ಹಿಡಿದಿದ್ದರಂತೆ.

ಮರುದಿನ ಸಂಜೆ ಬೇಲಿಯ ಈಚೆ ನಾನು, ಆಚೆ ಅಂಕಲ್, ಇಬ್ಬರಿಗೂ ಮಾಸ್ಕ್. ತಮ್ಮ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಹೇಳಿದರು:

"ಅರ್ಧ ಗಂಟೆ ಮುಖ ತೋರಿಸಿದ್ರಪ್ಪ. ಕೈ ತೋರ್ಸಿ ಅಂತ ಕೇಳೋದು ನಂಗೆ ಹೊಳೀಲೇ ಇಲ್ಲ."