ಸಾಯದ ಲೈನಿಗೆ ನೋಟೀಸು

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ಚಳ್ಳಕೆರೆಯ ಆಫೀಸಿನಲ್ಲಿ ಮೊಳಕಾಲ್ಮೂರಿನ ಇಂಟರ್‌ನೆಟ್ ಲೈನು ಕಾಯುವುದು ನನ್ನ ಕೆಲಸ. ಲೈನಿನ ಎರಡು ತುದಿಗೆ ಎರಡೂ ಊರಿನಲ್ಲಿ ಕೂರಿಸಿದ ರೂಟರ್ ಪೆಟ್ಟಿಗೆಗಳು 'ಇದ್ದೀಯಾ?', 'ಇದ್ದೀನಿ' ಎಂದು ಒಂದನ್ನೊಂದು ವಿಚಾರಿಸುತ್ತಲೇ ಇರುತ್ತವೆ. ಮೂರು ಸಲ ಉತ್ತರ ಬರದಿದ್ದರೆ ಕೇಬಲ್ ಸತ್ತಿತೆಂದು ತಿಳಿದು ಬದಲಿಗೆಂದು ಇಟ್ಟ ಟವರಿನ ದಾರಿಗೆ ಹೊರಳುತ್ತವೆ. ಮೊದಲೆಲ್ಲ ಇದಕ್ಕೆ ಅರ್ಧ ನಿಮಿಷ ಹಿಡಿಯುತ್ತಿತ್ತು. ಆಮೇಲೆ ಹೊಸ ವಿಧಾನ ಬಂತು. ಸೆಕೆಂಡಿಗೆ ಹತ್ತಾರು ಸಲ ಕೇಳಬಹುದು. ಮಹಾ ಬುದ್ಧಿವಂತನಾದ ನಾನು ಅದನ್ನು ಎಷ್ಟು ಚುರುಕು ಮಾಡಲು ಬರುತ್ತಿತ್ತೋ ಅಷ್ಟೂ ಮಾಡಿಟ್ಟೆ.

ಮರುವಾರದಿಂದ ದಿನಾ ಬೆಳಿಗ್ಗೆ ಲೈನು ಸಾಯತೊಡಗಿತು. ಕ್ಷಣದಲ್ಲೇ ಮತ್ತೆ ಬದುಕುತ್ತಿತ್ತು. ನಾನು ರಿಜಿಸ್ಟರಿನಲ್ಲಿ 'ಕೇಬಲ್ ದೋಷ' ಎಂದು ಬರೆಯುತ್ತಿದ್ದೆ. ನಮ್ಮ ಹಿರಿಯ ಲೈನ್‌ಮನ್ ಬೈಕು ಹತ್ತಿ ಕೇಬಲ್ ದಾರಿಯಲ್ಲೇ ಬಿ.ಜಿ. ಕೆರೆಯವರೆಗೂ ಹೋಗಿ ನೋಡಿಬಂದು, ಕೇಬಲ್ ಚೆನ್ನಾಗಿದೆ ಎನ್ನುತ್ತಿದ್ದರು. ಇವರು ಹೋಗದೆಯೇ ಹೀಗೆ ಹೇಳುತ್ತಾರೆಂದು ಸಾಹೇಬರಿಗೆ ಅನುಮಾನ ಬಂತು. ನನಗೂ ಬಂತು, ಸುಳ್ಳೇಕೆ ಹೇಳಲಿ? ನಿವೃತ್ತಿಗೆ ಒಂದು ವರ್ಷವೂ ಉಳಿದಿರದ ಆ ಮನುಷ್ಯನಿಗೆ ಕರ್ತವ್ಯಲೋಪದ ನೋಟೀಸು ಕೊಟ್ಟರು.

ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಅವರು ನನ್ನ ಮೇಜಿನ ಬಳಿ ಬಂದರು. ಪೆಟ್ಟಿಗೆ ಹೇಗೆ ವಿಚಾರಿಸುತ್ತದೆಂದು ಕೇಳಿದರು, ಹೇಳಿದೆ. ದನ ಕಾಯುವ ಮನೆತನದವರು. ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನಲ್ಲಿ ಕೂಗು ಹಾಕುತ್ತಲೇ ಬೆಳೆದವರು.

"ಮೂರು ಸಲ ಕೂಗೋದು ಸರಿ ಐತೆ ಸಾರ್. ನಾವೂ ಮೂರು ಸಲ ಕೂಗೇ ಹುಡುಕಾಕೆ ಹೋಗೋದು. ಆದ್ರೆ ಆ ಕಡೆಯೋನು ಎಳೇ ಕರ ಹಿಡ್ಕಂಡಿದ್ರೆ, ಅದನ್ನ ಬಿಟ್ಟು ಓ ಅನ್ನೋವಷ್ಟು ಹೊತ್ತು ಕಾಯ್ತೀವಿ. ನೀವು ಎಷ್ಟೊತ್ತು ಕಾಯ್ತೀರಿ?"

ನಾನು ಇಟ್ಟಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಮೊಳಕಾಲ್ಮೂರಿನದು ಹಳೆಯ ಪೆಟ್ಟಿಗೆ. ಬೆಳಿಗ್ಗೆ ಕಚೇರಿಗಳೆಲ್ಲ ಒಟ್ಟಿಗೆ ತೆರೆದಾಗ ಅದಕ್ಕೆ ಕೈತುಂಬ ಕೆಲಸ. ಉತ್ತರ ತಡವಾಗುತ್ತಿತ್ತು, ಅಷ್ಟೆ. ಕಾಯುವ ಹೊತ್ತನ್ನು ಹೆಚ್ಚಿಸಿದೆ. ಮರುದಿನ ಲೈನು ಒಮ್ಮೆಯೂ ಬೀಳಲಿಲ್ಲ.

ವಾರ ಕಳೆದು ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಒಂದು ನೋಟೀಸು ಕೊಟ್ಟಿದ್ದಕ್ಕೆ ಲೈನು ಹೇಗೆ ನೆಟ್ಟಗಾಯಿತು ನೋಡಿ ಎಂದು ನಕ್ಕರು. ಲೈನ್‌ಮನ್ ನನ್ನ ಮುಖ ನೋಡಿದರು. ತಪ್ಪು ನನ್ನದೆಂದು ಒಂದು ಮಾತು ಹೇಳಿದ್ದರೆ ಆ ನೋಟೀಸು ಅಲ್ಲಿಗೇ ಮುಗಿಯುತ್ತಿತ್ತು. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ನಾನು ನೆಲ ನೋಡುತ್ತ ನಿಂತೆ. ಇಷ್ಟು ವರ್ಷವಾದರೂ ಆ ನಾಚಿಕೆ ಹೋಗಿಲ್ಲ. ಕೊನೆಗೆ ಲೈನ್‌ಮನ್ನೇ ಬಾಯಿಬಿಟ್ಟರು.

"ತಪ್ಪಾತು ಸಾರ್. ಇನ್ಮೇಲೆ ಸರಿಯಾಗಿ ನೋಡ್ಕಂತೀನಿ."