ಮೂರನೇ ನೀರಿಗೆ ಮೊದಲು

ಮೈಮೇಲಿನ ದಡಾರ ಬಾಡುತ್ತಾ ಬಂದಿತ್ತು. ಆಗ ಮೊಮ್ಮಗಳು ಗೌರಿಗೆ ಕಣ್ಣುಬೇನೆ ಶುರುವಾಯಿತು. ಬೆಳಗ್ಗೆ ನೋಡಿದರೆ ರೆಪ್ಪೆಗಳು ಗೀಜಿನಲ್ಲಿ ಅಂಟಿಕೊಂಡಿದ್ದವು. ಬೆಚ್ಚನೆ ನೀರಲ್ಲಿ ನೆನೆಸಿ ಬಿಡಿಸಿದೆ. ಬೆಳಕು ಬಿದ್ದೊಡನೆ ಚೀರಿ ನನ್ನ ಮಡಿಲಿಗೆ ಮುಖ ಒತ್ತಿದಳು.

ದಡಾರ ಬಂದ ಮನೆಯಲ್ಲಿ ಅಮ್ಮ ಇರುತ್ತಾಳೆ ಎಂದು ನಮ್ಮ ಕಡೆ ನಂಬಿಕೆ. ಬೇವಿನ ಸೊಪ್ಪಿನ ನೀರು ಮೂರು ಸಲ ಹಾಕಿ ಅವಳನ್ನು ಕಳಿಸಿಕೊಡುವ ತನಕ ಒಗ್ಗರಣೆ ಇಲ್ಲ, ಔಷಧಿ ಇಲ್ಲ, ಮಗು ಹೊಸಲು ದಾಟುವಂತಿಲ್ಲ. ಎರಡು ನೀರು ಆಗಿದ್ದವು. ಮೂರನೆಯದಕ್ಕೆ ಮಂಗಳವಾರ ಬರಬೇಕಿತ್ತು. ಸೊಸೆ ಪಕ್ಕದ ಮನೆಯ ಬಾಣಂತಿಯಿಂದ ಎದೆಹಾಲು ತಂದು ಕಣ್ಣಿಗೆ ಬಿಟ್ಟಳು. ನಂದಿಬಟ್ಟಲು ಹೂವಿನ ರಸವನ್ನೂ ಬಿಟ್ಟಳು. ನಾನು ಒಳಗೂ ಹೊರಗೂ ತಿರುಗಿದೆ. ಕೂತರೆ ಮಗು ನರಳುವುದು ಕೇಳುತ್ತಿತ್ತು, ಎದ್ದರೆ ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ.

ಶನಿವಾರ ರೆಪ್ಪೆ ಬಿಡಿಸಿ ನೋಡಿದೆ.

ಎಡಗಣ್ಣಿನ ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ.

“ಗಾಡಿ ಕಟ್ಟೋ,” ಅಂದೆ ಮಗನಿಗೆ. “ಶಿಕಾರಿಪುರದ ಆಸ್ಪತ್ರೆಗೆ.”

ಸೊಸೆ ಬಾಗಿಲಿಗೆ ಅಡ್ಡ ನಿಂತಳು. “ಬ್ಯಾಡ್ರೀ ಅತ್ತಿ. ಮೂರನೇ ನೀರು ಬಿದ್ದಿಲ್ಲ. ಚಂದ್ರಗುತ್ತಿ ಅಮ್ಮಗೆ ಹರಕೆ ಹೊತ್ತೀನಿ. ಅಮ್ಮ ಸಿಟ್ಟಾದ್ರೆ?”

“ನನ್ ಮ್ಯಾಲೆ ಆಗ್ಲಿ. ನಾ ನೋಡೋದೆಲ್ಲಾ ನೋಡಾಗೈತೆ. ಆ ಕೂಸು ಇನ್ನೂ ನೋಡ್ಬೇಕು. ಸರಿ ಆಚೆ.”

ಸರಿದಳು. ಅಳುತ್ತಲೇ ಗಾಡಿಯಲ್ಲಿ ಹುಲ್ಲು ಹಾಸಿ, ಮಗುವಿನ ಮುಖಕ್ಕೆ ಸೆರಗು ಮುಚ್ಚಿಕೊಂಡು ತಾನೂ ಹತ್ತಿದಳು.

ಡಾಕ್ಟರು ಟಾರ್ಚ್ ಹಾಕಿ ನೋಡಿದರು. ದಡಾರದ ಜೊತೆ ಇನ್ಫೆಕ್ಷನ್ ಸೇರಿ ಕರಿಗುಡ್ಡೆಯ ಮೇಲೆ ಅಲ್ಸರ್ ಆಗಿದೆ ಎಂದರು.

“ಬಲಗಣ್ಣು ಉಳಿಯುತ್ತೆ. ಎಡಗಣ್ಣಿನ ಮಾತು ಈಗಲೇ ಹೇಳಕ್ಕಾಗಲ್ಲ ಅಜ್ಜಿ. ಹಾಲು, ಹೂವು ಇನ್ನು ಯಾವುದೂ ಬಿಡಬೇಡಿ.”

ಪೆನ್ಸಿಲಿನ್ ಇಂಜೆಕ್ಷನ್, ಮುಲಾಮು, ಡ್ರಾಪ್ಸ್. ಉಜ್ಜಿಕೊಳ್ಳದಂತೆ ಎರಡೂ ಕೈಗಳಿಗೆ ಬಟ್ಟೆ ಸುತ್ತಿದೆವು. ಗೌರಿ ನನ್ನನ್ನು ಒದ್ದಳು, ಬೈದಳು. ಒದೆಯುವ ಶಕ್ತಿ ಇದೆಯಲ್ಲ ಎಂದುಕೊಂಡೆ. ಸೊಸೆ ನನ್ನೊಡನೆ ಮಾತಾಡಲಿಲ್ಲ. ಆದರೆ ಡ್ರಾಪ್ಸ್ ಹಾಕುವಾಗ ತಲೆ ಅಲುಗದಂತೆ ಹಿಡಿಯುತ್ತಿದ್ದವಳು ಅವಳೇ.

ಈಗ ಮನೆಗೆ ಬಂದಿದ್ದೇವೆ. ನೋವಿಲ್ಲ. ಬಲಗಣ್ಣು ತಿಳಿಯಾಗಿದೆ. ಎಡಗಣ್ಣಿನಲ್ಲಿ ಬಿಳಿ ಕಲೆ ಉಳಿದಿದೆ, ಹೋಗುವುದಿಲ್ಲವಂತೆ. ಅದರಲ್ಲಿ ಎಷ್ಟು ಕಾಣುತ್ತದೆ ಎನ್ನುವುದೇ ನನ್ನನ್ನು ಕೂರಗೊಡುವುದಿಲ್ಲ. ಬೆಳಗಾದರೆ ಬಲಗಣ್ಣು ಮುಚ್ಚಿ ಕೇಳುತ್ತೇನೆ.

“ಅಂಗಳದಾಗೆ ಏನೈತೆ ಹೇಳು.”

“ಏನೋ ಕರ್ರಗೈತೆ. ಅಲ್ಲಾಡ್ತೈತೆ.”

“ಎಮ್ಮೆ ಅಂತ ಗೊತ್ತಾಗಲ್ಲೇನೆ?”

“ಎಮ್ಮೆ ಕರ್ರಗಲ್ದೆ ಇನ್ನ ಹ್ಯಾಂಗಿರ್ತೈತೆ? ಕೈ ತಗಿ ಅಜ್ಜಿ, ಸಾಕು.”

ಕೈ ತೆಗೆಯುತ್ತೇನೆ. ಕೋಡು ಕಾಣದಿದ್ದರೂ ಎಮ್ಮೆ ಕಂಡಿದೆ. ಹಾಯಲು ಬಂದರೆ ಸರಿದು ನಿಲ್ಲುವುದಕ್ಕೆ ಅಷ್ಟು ಸಾಕು.