ಶಾಲೆ ಕೇಳಿದರೆ ಶಾಲು ಕೊಟ್ಟರು

ನಮ್ಮ ಮನೆಯವರ ಹೆಸರು ಸಣ್ಣಬಸಪ್ಪ. ಬಳ್ಳಾರಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು. ತೀರಿಕೊಂಡು ಎಂಟು ತಿಂಗಳಾಯಿತು. ಊರವರು ಅವರನ್ನು ವಿದೇಶಾಂಗ ಮಂತ್ರಿ ಅಂತ ಕರೆಯುತ್ತಿದ್ದರು. ಅವರು ನೋಡಿದ ವಿದೇಶ ಬಳ್ಳಾರಿ ಒಂದೇ.

ನಮ್ಮದು ಡಿ. ಹಿರೇಹಾಳ್ ಮಂಡಲದ ಒಂದು ಹಟ್ಟಿ. ನಲವತ್ತು ಮನೆ. ಸರ್ಕಾರ ಆಂಧ್ರದ್ದು, ಕೂಲಿ ಕರ್ನಾಟಕದ್ದು, ಮಾತು ಎರಡೂ ಕಡೆಯದು. ಒಂದು ಕನ್ನಡ ಶಾಲೆ ಇದೆ, ಐದನೇ ಕ್ಲಾಸಿನವರೆಗೆ. ಅಲ್ಲಿ ನಾನು ನಾಲ್ಕು ಓದಿದೆ, ಅವರು ಐದು. ಆ ಒಂದು ಕ್ಲಾಸಿನ ಗತ್ತು ಅವರಿಗೆ ಕೊನೆಯವರೆಗೂ ಇತ್ತು.

ಹೋದ ವರ್ಷ ಶಾಲೆ ತೆರೆದ ವಾರವೇ ಮೇಲಿನಿಂದ ಮಾತು ಬಂತು. ಫೆಬ್ರವರಿಯಲ್ಲಿ ಬಂದು ಮಕ್ಕಳನ್ನು ಎಣಿಸುತ್ತಾರೆ. ಇಪ್ಪತ್ತಕ್ಕೆ ಒಂದು ಕಮ್ಮಿಯಾದರೂ ಬೀಗ. ಮಕ್ಕಳು ಮೂರು ಕಿಲೋಮೀಟರ್ ನಡೆದು ಬೇರೆ ಶಾಲೆಗೆ ಹೋಗಬೇಕು. ನಡುವೆ ಅದಿರಿನ ಲಾರಿ ಓಡುವ ರಸ್ತೆ ದಾಟಬೇಕು. ನಮ್ಮಲ್ಲಿ ಇದ್ದವರು ಹದಿನೇಳು.

ನಮಗೆ ಮಕ್ಕಳಿಲ್ಲ. "ನಮಗ್ಯಾಕ ಬೇಕ್ರೀ ಈ ಉಸಾಬರಿ?" ಅಂದೆ.

"ನಮಗ ಮಕ್ಕಳಿಲ್ಲ ಅಂತ ಊರಾಗಿನ ಮಕ್ಕಳು ಲಾರಿ ಗಾಲಿಗೆ ಸಿಗಬೇಕೇನು?" ಅಂದರು.

ವಿದೇಶಾಂಗ ಶುರುವಾಗಿದ್ದು ಚಹಾದ ಅಂಗಡಿಯ ಟೀವಿಯಿಂದ. ಸಮುದ್ರದ ನಡುವೆ ಒಂದು ದೇಶ ತೋರಿಸಿದರಂತೆ. ನಕ್ಷೆಯ ಮೇಲೆ ನೊಣ ಕೂತರೆ ಮುಚ್ಚಿಹೋಗುವಷ್ಟು. ಅಲ್ಲಿಗೆ ದೊಡ್ಡ ದೊಡ್ಡ ದೇಶದವರು ವಿಮಾನ ಹತ್ತಿ ಬಂದು ಕೈ ಕುಲುಕುತ್ತಿದ್ದರಂತೆ. ನಮ್ಮವರು ಜಯಣ್ಣ ಮೇಷ್ಟ್ರನ್ನು ಕೇಳಿದರು. ಮೇಷ್ಟ್ರು ಮಡಕಶಿರಾ ಕಡೆಯವರು.

"ಓಟು ಕಣಣ್ಣ," ಅಂದರು ಮೇಷ್ಟ್ರು. "ವಿಶ್ವಸಂಸ್ಥೆ ಸಭೇಲಿ ಆನೆಯಂಥ ದೇಶಕ್ಕೂ ಒಂದೇ ಓಟು, ಇರುವೆಯಂಥ ದೇಶಕ್ಕೂ ಒಂದೇ ಓಟು. ಸಣ್ಣೋರ ಹತ್ರ ದೊಡ್ಡೋರಿಗೆ ಬೇಕಾದ್ದು ಏನಾದ್ರೂ ಒಂದು ಇದ್ರೆ ಸಾಕು, ಬತ್ತಾರೆ."

"ಹಂಗಾದ್ರ ನಮ್ಮ ಹಟ್ಟೀನೂ ಒಂದು ದೇಶ," ಅಂದರು ಇವರು. "ಮಿತ್ರರನ್ನ ಹುಡುಕೂಣು."

ಮೊದಲು ಹೋಗಿದ್ದು ಬಳ್ಳಾರಿಯ ಒಂದು ಕನ್ನಡ ಸಂಘಕ್ಕೆ. ಗಡಿಯಾಚೆಯ ಕನ್ನಡ ಶಾಲೆ ಅಂದಕೂಡಲೇ ಅಧ್ಯಕ್ಷರ ಕಣ್ಣಲ್ಲಿ ನೀರು ಬಂತಂತೆ. ನವೆಂಬರಿನಲ್ಲಿ ಎರಡು ಜೀಪು ಮಾಡಿಕೊಂಡು ಬಂದರು. ಬಾವುಟ, ಮೈಕು, ಫೋಟೋದವನು. ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಎರಡು ತಾಸು ಮಾತಾಡಿದರು. ನಮ್ಮವರಿಗೆ ಶಾಲು ಹೊದಿಸಿದರು.

"ಈ ಶಾಲೆಗಾಗಿ ನಾವು ಪ್ರಾಣ ಕೊಡ್ತೀವಿ!" ಅಂದರು ಅಧ್ಯಕ್ಷರು.

ನಮ್ಮವರು ಮೈಕಿನ ಹತ್ತಿರ ಹೋದರು. "ಪ್ರಾಣ ಬ್ಯಾಡ್ರಿ. ಮೂರು ಮಕ್ಕಳು ಕೊಡ್ರಿ."

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು. ಅವರ ಮೊಮ್ಮಕ್ಕಳು ಬಳ್ಳಾರಿಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತವೆ. ಊಟ ನಾನೇ ಬಡಿಸಿದೆ. ಚೆನ್ನಾಗಿ ಉಂಡರು.

ಆಮೇಲೆ ರಾಯದುರ್ಗದ ಒಬ್ಬ ಲೀಡರ ಹತ್ತಿರ ಹೋದರು. ಅವರು ಎದೆ ಮುಟ್ಟಿಕೊಂಡು "ನೇನುನ್ನಾ" ಅಂದರಂತೆ. ನಾನಿದ್ದೀನಿ ಅಂತ. ಅಲ್ಲೂ ಒಂದು ಶಾಲು. ಹೀಗೆ ಇನ್ನೂ ಮೂರು ಕಡೆ. ಸಂಕ್ರಾಂತಿಯ ಹೊತ್ತಿಗೆ ಮನೆಯಲ್ಲಿ ಐದು ಶಾಲು, ಶಾಲೆಯಲ್ಲಿ ಅದೇ ಹದಿನೇಳು.

"ನೀವು ಶಾಲಿ ಅಂತ ಬಾಯಿ ಬಿಟ್ಟು ಹೇಳಿದ್ರೋ ಇಲ್ಲೋ?" ಅಂತ ಕೇಳಿದೆ. "ಅವರಿಗೆ ಶಾಲು ಅಂತ ಕೇಳಿಸ್ಯದ."

ಆ ಶಾಲುಗಳು ಯಾವುದಕ್ಕೂ ಬರುವುದಿಲ್ಲ. ಜರಿ ಅಂಚು ಕುತ್ತಿಗೆ ಕೆರೆಯುತ್ತದೆ. ಚಳಿ ತಡೆಯುವುದಿಲ್ಲ. ಬೆವರು ಒರೆಸಿದರೆ ಜಾರುತ್ತದೆ.

ಆಗ ಕೆರೆ ಏರಿಯ ಆಚೆ ಸುಂಕಲಮ್ಮ ಬಂದು ಗುಡಿಸಲು ಹಾಕಿದ್ದಳು. ಕುರಿಯವಳು. ತೆಲುಗು ಬಿಟ್ಟರೆ ಬೇರೆ ಮಾತಿಲ್ಲ. ಮಗ ಸೊಸೆ ಕುರಿ ಹೊಡೆದುಕೊಂಡು ದೂರ ಹೋಗುತ್ತಿದ್ದರು. ಇವಳ ಹತ್ತಿರ ಎಳೆ ಮರಿಗಳು, ಮೂರು ಮೊಮ್ಮಕ್ಕಳು. ನಮ್ಮ ಹೆಂಗಸರು ಅವಳನ್ನು ನಲ್ಲಿಯ ಹತ್ತಿರ ಸೇರಿಸುತ್ತಿರಲಿಲ್ಲ. ಎಲ್ಲರ ಕೊಡ ತುಂಬಿದ ಮೇಲೆ ಅವಳದು. ಅಷ್ಟರಲ್ಲಿ ನೀರು ನಿಲ್ಲುತ್ತಿತ್ತು. ಸುಳ್ಳು ಯಾಕೆ, ಸೇರಿಸದವರಲ್ಲಿ ನಾನೂ ಒಬ್ಬಳು.

"ಇಷ್ಟು ದಿನ ತಪ್ಪು ಮಾಡಿದೆ," ಅಂದರು ಇವರು. "ಸಣ್ಣ ದೇಶ ಸಣ್ಣ ದೇಶದ ಮನಿಗೆ ಹೋಗಬೇಕು." ಐದು ಶಾಲನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಏನು ಮಾಡುತ್ತಾರೋ ಅಂತ ನಾನೂ ಹಿಂದೆ ಹೋದೆ.

ಶಾಲುಗಳನ್ನು ಅವಳ ಮುಂದೆ ಇಟ್ಟು, ಮೊಮ್ಮಕ್ಕಳನ್ನು ಶಾಲೆಗೆ ಕಳಿಸು ಅಂದರು. ಸುಂಕಲಮ್ಮ ಕೇಳಿ, "ಮಾ ಪಿಲ್ಲಲಕಿ ಕನ್ನಡ ರಾದನ್ನಾ" ಅಂದಳು. ನಮ್ಮ ಮಕ್ಕಳಿಗೆ ಕನ್ನಡ ಬರಲ್ಲಣ್ಣ ಅಂತ.

"ನಮ್ಮ ಮಕ್ಕಳಿಗೂ ಬರಲ್ಲ. ಅದಕ್ಕೇ ಶಾಲೆ ಇರೋದು," ಅಂತ ಇವರೂ ತೆಲುಗಿನಲ್ಲೇ ಹೇಳಿದರು.

ಅವಳು ನಕ್ಕಳು. ಆಮೇಲೆ ನನ್ನ ಕಡೆ ನೋಡಿದಳು. "ನೀರು?" ಅಂದಳು. ಅಷ್ಟೇ ಅವಳ ಷರತ್ತು.

ಇವರೂ ನನ್ನ ಕಡೆ ನೋಡಿದರು. ಒಪ್ಪಂದ ಮಾಡುವವರು ಗಂಡಸರು, ನಲ್ಲಿಯ ಹತ್ತಿರ ಜಗಳ ಆಡುವವಳು ನಾನು. ಹೂಂ ಅಂದೆ. ಮರುದಿನ ಅವಳ ಕೊಡ ನನ್ನ ಕೊಡದ ಹಿಂದೆಯೇ ಇಟ್ಟೆ. ದುರುಗಕ್ಕ ಅದನ್ನು ಕಾಲಲ್ಲಿ ತಳ್ಳಿದಳು. ನಾನು ದುರುಗಕ್ಕನ ಕೊಡ ತಳ್ಳಿದೆ. ಮೂರು ದಿನ ಬೈಗುಳ. ನಾಲ್ಕನೇ ದಿನ ಎಲ್ಲರಿಗೂ ಸಾಕಾಯಿತು.

ಮೂರು ಮಕ್ಕಳು ಶಾಲೆಗೆ ಸೇರಿದವು. ಸುಂಕಲಮ್ಮ ಶಾಲುಗಳನ್ನು ಎಳೆ ಮರಿಗಳ ಬೆನ್ನಿಗೆ ಕಟ್ಟಿದಳು. ಚಳಿ ಮುಗಿಯುವವರೆಗೂ ನಮ್ಮ ಹಟ್ಟಿಯಲ್ಲಿ ಐದು ಕುರಿಮರಿಗಳು ಸನ್ಮಾನಿತರಾಗಿ ತಿರುಗಾಡಿದವು.

ಎಣಿಸುವವರು ಸೋಮವಾರ ಬರುತ್ತೇವೆ ಅಂದಿದ್ದರು. ಭಾನುವಾರ ಮಧ್ಯಾಹ್ನ ನಮ್ಮವರು ಬಳ್ಳಾರಿಯಲ್ಲಿ ಮೂಟೆ ಇಳಿಸಿ, ನೀರು ಕುಡಿಯುತ್ತೀನಿ ಅಂತ ಕೂತವರು ಏಳಲಿಲ್ಲ. ಟೆಂಪೋದಲ್ಲಿ ತಂದರು.

ಸೋಮವಾರ ಬೆಳಿಗ್ಗೆ ಮಿತ್ರರಾಷ್ಟ್ರಗಳೆಲ್ಲ ಬಂದವು. ಅಧ್ಯಕ್ಷರು ಒಂದು ಶಾಲು ತಂದು ಹೆಣಕ್ಕೆ ಹೊದಿಸಿದರು. ರಾಯದುರ್ಗದ ಲೀಡರು ಇನ್ನೊಂದು ತಂದು ಅದರ ಮೇಲೆ ಹೊದಿಸಿದರು. ಕೆಳಗಿನದು ಫೋಟೋದಲ್ಲಿ ಕಾಣುವುದಿಲ್ಲ ಅಂತ ಅಧ್ಯಕ್ಷರು ತಮ್ಮದನ್ನು ಎಳೆದು ಮೇಲೆ ಹಾಕಿದರು. ಲೀಡರ ಕಡೆಯವನು ಮತ್ತೆ ಎಳೆದ. ನಮ್ಮವರು ಅಲುಗಾಡಿದ ಹಾಗಾಯಿತು. "ಬಿಡ್ರಿ ಅವರನ್ನ" ಅಂದೆ. ಬಿಟ್ಟರು.

ಜಯಣ್ಣ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ಕರೆದರು. "ಮೂಕಮ್ಮಕ್ಕ, ಹತ್ತು ಗಂಟೆಗೆ ಬತ್ತಾರೆ. ಮುಂದಕ್ಕೆ ಹಾಕಿ ಅಂತ ಕೇಳ್ದೆ. ಒಪ್ಲಿಲ್ಲ."

ನಮ್ಮಲ್ಲಿ ಹೆಣ ಎತ್ತುವವರೆಗೆ ಊರಿನ ಯಾವ ಕೆಲಸವೂ ಇಲ್ಲ. ಹದಿನೇಳು ಮಕ್ಕಳೂ ನಮ್ಮ ಅಂಗಳದಲ್ಲಿದ್ದವು. ನಾನು ಎದ್ದು ನಿಂತೆ.

"ಶಾಲಿಗೆ ಹೋಗ್ರಿ" ಅಂದೆ.

"ಹೆಣ ಇಟ್ಕೊಂಡು ಏನ್ ಮಾತಂತ ಆಡ್ತೀ ಯಕ್ಕ?" ಅಂದಳು ದುರುಗಕ್ಕ.

"ಅವರಿದ್ದಿದ್ರ ಕೋಲು ತಗೊಂಡು ಅಟ್ಟತಿದ್ರು. ಕಳಿಸು."

ಹದಿನೇಳೂ ಹೋದವು. ನಾನು ಜನರ ನಡುವೆ ಸುಂಕಲಮ್ಮನನ್ನು ಹುಡುಕಿದೆ. ಇರಲಿಲ್ಲ. ಮಕ್ಕಳೂ ಕಾಣಲಿಲ್ಲ. ಸಾವಿನ ಮನೆ ಅಂದಕೂಡಲೇ ಕುರಿ ಹೊಡೆದುಕೊಂಡು ಹೋದಳು ಅಂದುಕೊಂಡೆ. ಐದು ಶಾಲು, ದಿನಾ ನೀರು, ಎಲ್ಲ ತಗೊಂಡಳು, ಮುಖ ನೋಡಲು ಬರಲಿಲ್ಲ ಅಂತ ಮನಸ್ಸಿನಲ್ಲೇ ಬೈದೆ. ಬೈಯುತ್ತಾ ಇದ್ದದ್ದಕ್ಕೆ ಮಣ್ಣು ಮಾಡಿ ಬರುವವರೆಗೂ ಅಳು ತಡೆದುಕೊಂಡೆ.

ಸಂಜೆ ಬಂದಳು. ಜಗಲಿಯ ಕೆಳಗೆ ಕೂತಳು. ತೆಲುಗಿನಲ್ಲಿ ಹೇಳಿದಳು. ಬೆಳಿಗ್ಗೆ ಎಂಟಕ್ಕೇ ಮೂರನ್ನೂ ಕರೆದುಕೊಂಡು ಹೋಗಿ ಶಾಲೆಯ ಬಾಗಿಲಲ್ಲಿ ಅಡ್ಡ ಕೂತಿದ್ದಳಂತೆ. ಅವಳು ಈ ಕಡೆ ಬಂದಿದ್ದರೆ ಮಕ್ಕಳೂ ಹಿಂದೆ ಬರುತ್ತಿದ್ದವು. ಬಂದ ಸಾಹೇಬರು ಎರಡು ಸಲ ಎಣಿಸಿದರಂತೆ. ಇವಳ ಕಿರಿಯವನನ್ನು ತೆಲುಗಿನಲ್ಲಿ ಹೆಸರು ಕೇಳಿದರಂತೆ. ಅವನು ಎದ್ದು ನಿಂತು ಕನ್ನಡದಲ್ಲಿ, "ನನ್ನ ಹೆಸರು ಹನುಮಂತು" ಅಂದನಂತೆ.

"ಇರವೈ, ವದಿನಾ," ಅಂದಳು.

ಇಪ್ಪತ್ತು, ಅತ್ತಿಗೆ. ಅವಳು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಅತ್ತಿರಲಿಲ್ಲ. ಆಗ ಅತ್ತೆ.

ಶಾಲೆ ಇದೆ. ಜೂನಿನಲ್ಲಿ ಐದನೇ ಕ್ಲಾಸು ಮುಗಿಸಿ ಇಬ್ಬರು ಹೋದರು. ಒಂದನೇ ಕ್ಲಾಸಿಗೆ ದುರುಗಕ್ಕನ ಮೊಮ್ಮಗಳು ಬಂದಳು, ಇನ್ನೊಬ್ಬನನ್ನು ಸುಂಕಲಮ್ಮ ತನ್ನ ತಮ್ಮನ ಮನೆಯಿಂದ ಕರೆತಂದಳು.

ಮೊನ್ನೆ ಅಧ್ಯಕ್ಷರು ಫೋನು ಮಾಡಿದ್ದರು. ನವೆಂಬರಿಗೆ ಬಂದು ನನಗೆ ಸನ್ಮಾನ ಮಾಡುತ್ತಾರಂತೆ.

"ಬರ್ರಿ," ಅಂದೆ. "ಈ ಸಲ ಸುಂಕಲಮ್ಮನ ಹತ್ತಿರ ಹನ್ನೊಂದು ಮರಿ ಅದಾವ. ಶಾಲು ಸ್ವಲ್ಪ ದಪ್ಪನೆಯವು ತರ್ರಿ."